ಲುಕ್ಬಾನಿನ ಪಾಹಿಯಾಸ್ ಹಬ್ಬ: ಊರಿಗೆ ಐದು ನಕ್ಷತ್ರ, ವ್ಯಾನ್ ಟೂರಿಗೆ ಎರಡು

ಮಗಳು ಫಿಲಿಪ್ಪೀನ್ಸಿನ ಮನಿಲಾದ ಮಕಾತಿಯಲ್ಲಿ ಕೆಲಸದಲ್ಲಿದ್ದಾಳೆ. ಮೊಮ್ಮಗನನ್ನು ನೋಡಿಕೊಳ್ಳೋಕೆ ಅಂತ ನಾನು ಬಂದು ಮೂರು ತಿಂಗಳಾಗಿತ್ತು. ಮಾಲ್ ಸುತ್ತಿ ಸುತ್ತಿ ಸಾಕಾಗಿತ್ತು. ಒಂದು ದಿನ ಅವಳೇ ಹೇಳಿದಳು: "ಅಮ್ಮಾ, ಮೇ 15ಕ್ಕೆ ಲುಕ್ಬಾನ್ ಅನ್ನೋ ಊರಲ್ಲಿ ಪಾಹಿಯಾಸ್ ಅಂತ ರೈತರ ಹಬ್ಬ. ಮನೆ ಮುಂದೆಲ್ಲ ತರಕಾರಿ ಕಟ್ತಾರಂತೆ, ಹಪ್ಪಳ ತೂಗ್ಹಾಕ್ತಾರಂತೆ." ಹಪ್ಪಳ ಅಂದ ಮೇಲೆ ನಾನು ಮನೆಯಲ್ಲಿ ಕೂರ್ತೀನಾ?

ಒಂದೇ ದಿನದಲ್ಲಿ ಹೋಗಿ ಬರುವ ವ್ಯಾನ್ ಟೂರ್ ಬುಕ್ ಮಾಡಿದೆವು. ತಲೆಗೆ 2,400 ಪೆಸೊ. ಸಸ್ಯಾಹಾರದ ಊಟವೂ ಅದರಲ್ಲೇ ಸೇರಿದೆ ಎಂದು ಬರೆದಿದ್ದರು. ಬೆಳಗಿನ ಜಾವ 4ಕ್ಕೆ ಬರಬೇಕಿದ್ದ ವ್ಯಾನ್ ಬಂದಿದ್ದು 5:40ಕ್ಕೆ. ಆಮೇಲೆ ಊರೆಲ್ಲ ಸುತ್ತಿ ಉಳಿದವರನ್ನು ಹತ್ತಿಸಿಕೊಂಡಿತು. ಲುಕ್ಬಾನ್ ಇರುವುದು ಕೆಸೋನ್ ಪ್ರಾಂತ್ಯದಲ್ಲಿ, ಬನಾಹಾವ್ ಬೆಟ್ಟದ ಬುಡದಲ್ಲಿ. ಬೇರೆ ದಿನಗಳಲ್ಲಿ ಮೂರು-ನಾಲ್ಕು ಗಂಟೆಯ ದಾರಿ. ಹಬ್ಬದ ದಿನ ಇಡೀ ಮನಿಲಾ ಅದೇ ರಸ್ತೆಯಲ್ಲಿರುತ್ತದೆ. ನಾವು ತಲುಪುವಾಗ 11:20. ಊರಾಚೆಯೇ ಇಳಿಸಿದರು, ಅಲ್ಲಿಂದ ಅರ್ಧ ಗಂಟೆ ನಡಿಗೆ. ಸಂತ ಇಸಿದ್ರೋನ ಮೆರವಣಿಗೆ ಆಗಲೇ ಮುಗಿದಿತ್ತು. ಹಬ್ಬ ಇರುವುದೇ ಆ ಸಂತನಿಗೆ. ದೇವರ ಉತ್ಸವ ಮುಗಿದ ಮೇಲೆ ಜಾತ್ರೆಗೆ ಹೋದ ಹಾಗಾಯಿತು.

ಆದರೆ ಬೀದಿಗೆ ಕಾಲಿಟ್ಟ ಮೇಲೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಗಿಲು, ಕಿಟಕಿ, ಮಾಳಿಗೆ ಒಂದನ್ನೂ ಬಿಟ್ಟಿಲ್ಲ. ಭತ್ತದ ತೆನೆ, ಬದನೆ, ಅಲಸಂದೆ, ಎಳನೀರು, ಬಾಳೆಗೊನೆ, ಅನಾನಸ್. ಒಂದು ಮನೆಯ ಇಡೀ ಗೋಡೆಗೆ ಹೆಣೆದ ಟೋಪಿಗಳನ್ನೇ ಹೊದಿಸಿದ್ದರು. ಬುಂತಾಲ್ ಅನ್ನೋ ನಾರಿನಲ್ಲಿ ಟೋಪಿ ಹೆಣೆಯುವುದಕ್ಕೆ ಈ ಊರು ಹೆಸರುವಾಸಿ. ಯಾರು ಏನು ಬೆಳೆದರೋ, ಏನು ಮಾಡಿದರೋ ಅದನ್ನೇ ಮನೆ ಮುಂದೆ ಕಟ್ಟುವುದು. ಎಲ್ಲ ಬೀದಿಗಳಿಗೂ ಒಂದೇ ವರ್ಷ ಈ ಭಾಗ್ಯ ಇಲ್ಲವಂತೆ. ಮೆರವಣಿಗೆಯ ದಾರಿ ವರ್ಷ ವರ್ಷ ಬದಲಾಗುತ್ತದೆ, ಸರದಿ ಬಂದ ಬೀದಿಯವರು ಜೀವ ತೇಯ್ದು ಸಿಂಗರಿಸುತ್ತಾರೆ.

ಇನ್ನು ಹಪ್ಪಳ. ಅದರ ಹೆಸರು ಕಿಪಿಂಗ್. ಎಲೆಯ ಆಕಾರ, ಎಲೆಯಷ್ಟೇ ತೆಳು. ಕೆಂಪು, ಹಸಿರು, ಹಳದಿ, ಗುಲಾಬಿ ಬಣ್ಣ. ನೂರಾರು ಪೋಣಿಸಿ ತೂಗುದೀಪದ ಹಾಗೆ ಇಳಿಬಿಟ್ಟಿರುತ್ತಾರೆ. ಗಾಳಿ ಬಂದರೆ ಸರಸರ ಅನ್ನುತ್ತದೆ.

ನಾನು ಒಂದು ಮನೆಯ ಮುಂದೆ ನಿಂತು ಎಲೆಯ ನರ ನರ ನೋಡುತ್ತಿದ್ದೆ. ಅಷ್ಟರಲ್ಲಿ ಮಳೆ. ಅಕ್ಕಿಯ ಸಾಮಾನು ನೆನೆದರೆ ಕಥೆ ಮುಗೀತು ಅಲ್ವಾ? ಮನೆಯವರು ಪ್ಲಾಸ್ಟಿಕ್ ಹಿಡಿದು ಓಡಿ ಬಂದರು. ನಾನೂ ಒಂದು ತುದಿ ಹಿಡಿದೆ. ಒಣಹಾಕಿದ ಸಂಡಿಗೆ ಮಳೆಗೆ ಸಿಕ್ಕಾಗ ಓಡಿ ಅಭ್ಯಾಸ ಇದೆಯಲ್ಲ. ಮನೆಯೊಡತಿ ನಕ್ಕು "ತುಲೊಯ್ ಪೊ ಕಾಯೊ" ಎಂದರು, ಬನ್ನಿ ಒಳಗೆ ಅಂತ. ಆ 'ಪೊ' ಅನ್ನುವುದು ನಮ್ಮ 'ರೀ' ಇದ್ದ ಹಾಗೆ, ದೊಡ್ಡವರ ಜೊತೆ ಮಾತಾಡುವಾಗ ಸೇರಿಸುತ್ತಾರೆ. ಹಬ್ಬದ ದಿನ ಗುರುತಿಲ್ಲದವರನ್ನೂ ಊಟಕ್ಕೆ ಕೂರಿಸುವುದು ಇಲ್ಲಿ ಮಾಮೂಲು. ಒಳಗೆ ಎಂಟು ವರ್ಷದ ಹುಡುಗ ಬಂದು ನನ್ನ ಕೈ ಹಿಡಿದು ಬಗ್ಗಿ, ಹಿಂಗೈಯನ್ನು ತನ್ನ ಹಣೆಗೆ ಒತ್ತಿಕೊಂಡ. ದೊಡ್ಡವರಿಂದ ಆಶೀರ್ವಾದ ತಗೊಳ್ಳೋ ರೀತಿಯಂತೆ. ನನಗೆ ಗೊತ್ತಿರಲಿಲ್ಲ, ಆದರೆ ಇನ್ನೊಂದು ಕೈ ತಾನಾಗೇ ಅವನ ತಲೆ ಮೇಲೆ ಹೋಯಿತು.

ಅಡುಗೆಮನೆಯಲ್ಲಿ ಆಕೆ ಕಿಪಿಂಗ್ ಮಾಡುವುದನ್ನು ತೋರಿಸಿದರು, ಮಗಳು ನಡುವೆ ಇಂಗ್ಲಿಷಿನಿಂದ ಕನ್ನಡಕ್ಕೆ ಹೇಳುತ್ತಾ ಹೋದಳು. ಅಕ್ಕಿ ನೆನೆಸಿ, ರುಬ್ಬಿ, ಬಣ್ಣ ಸೇರಿಸಿ, ನಿಜವಾದ ಎಲೆಯ ಮೇಲೆ ತೆಳ್ಳಗೆ ಬಳಿದು ಆವಿಯಲ್ಲಿ ಬೇಯಿಸಬೇಕು. ಆರಿದ ಮೇಲೆ ಎಲೆಯಿಂದ ಬಿಡಿಸಿ, ಭಾರ ಹೇರಿ ಚಪ್ಪಟೆ ಮಾಡುವುದು. ನಮ್ಮ ಅಕ್ಕಿ ಹಪ್ಪಳವೇ, ಎಲೆಯ ನರಗಳ ಅಚ್ಚು ಮಾತ್ರ ಜಾಸ್ತಿ. ಆಕೆ ನಾಲ್ಕು ಕರಿದು, ವಿನೆಗರ್ ಜೊತೆ ಕೊಟ್ಟರು. ಗರಿಗರಿ. ಉಪ್ಪು ಒಂದು ಚೂರು ಕಮ್ಮಿ, ಅದನ್ನು ಹೇಳಲಿಲ್ಲ.

ಅಷ್ಟರಲ್ಲಿ ಮಧ್ಯಾಹ್ನ 2 ಗಂಟೆ, ಗೈಡ್ ಹುಡುಗಿ ನಮ್ಮನ್ನು ಹುಡುಕಿಕೊಂಡು ಬಂದಳು. ಪಾಪ, ಒಳ್ಳೆಯ ಹುಡುಗಿ. ನನ್ನನ್ನು 'ನಾನಾಯ್' ಅಂತ, ಅಂದರೆ ಅಮ್ಮ ಅಂತ ಕರೆಯುತ್ತಿದ್ದಳು. ಇಸಿದ್ರೋ ಸ್ಪೇನಿನ ಕೂಲಿ ರೈತ, ಅವನು ಪ್ರಾರ್ಥನೆಗೆ ಕೂತಾಗ ದೇವದೂತರೇ ಬಂದು ಹೊಲ ಉಳುತ್ತಿದ್ದರು ಅನ್ನೋ ಕಥೆಯನ್ನು ಚೆನ್ನಾಗಿ ಹೇಳಿದಳು. ತಪ್ಪು ಅವಳದ್ದಲ್ಲ, ಟೂರಿನ ಪಟ್ಟಿ ಬರೆದವರದ್ದು. ಬೀದಿಯಲ್ಲಿ ಆಳೆತ್ತರ ಮೀರಿದ ಹಿಗಾಂತೆ ಗೊಂಬೆಗಳು, ನಮ್ಮ ಗಾರುಡಿ ಗೊಂಬೆಗಳ ಥರದವು, ಇನ್ನೇನು ಹೊರಡುವುದರಲ್ಲಿದ್ದವು. ಅದನ್ನು ಬಿಟ್ಟು ನಮ್ಮನ್ನು 'ಕಮಾಯ್ ನಿ ಹೆಸುಸ್' ಗುಡ್ಡಕ್ಕೆ ಎಳೆದುಕೊಂಡು ಹೋದರು. ಮೇಲೆ 50 ಅಡಿಯ ಯೇಸುವಿನ ಪ್ರತಿಮೆ, ಹತ್ತಲು ಸುಮಾರು 300 ಮೆಟ್ಟಿಲು. ಜಾಗ ಚೆನ್ನಾಗಿದೆ. ಆದರೆ ಅದು ವರ್ಷವಿಡೀ ಅಲ್ಲೇ ಇರುತ್ತದೆ. ನಾನು ಕೆಳಗೇ ಕೂತೆ.

ಊಟದ ವಿಷಯ. ಸಸ್ಯಾಹಾರ ಅಂತ ಕೊಟ್ಟ ನೂಡಲ್ಸಿನಲ್ಲಿ ಸಿಗಡಿ ಇತ್ತು. ಈ ಊರಿನ ವಿಶೇಷ ಪನ್ಸಿತ್ ಹಬ್‌ಹಬ್ ಅನ್ನೋ ನೂಡಲ್ಸ್. ಬಾಳೆಲೆಯಲ್ಲಿ ಹಾಕಿ, ವಿನೆಗರ್ ಸುರಿದು ಕೊಡುತ್ತಾರೆ. ಚಮಚ ಇಲ್ಲ, ಕೈಯೂ ಇಲ್ಲ, ಎಲೆ ಎತ್ತಿ ನೇರ ಬಾಯಿಗೆ. ಮಗಳು ಮಾಂಸ ತಿನ್ನುತ್ತಾಳೆ, ಎರಡೆಲೆ ಮುಗಿಸಿದಳು. ನನ್ನ ಊಟ ಆ ಮನೆಯ ಅನ್ನ, ಬಾಳೆಹಣ್ಣು, ಹಪ್ಪಳ.

ಮಕಾತಿ ಸೇರಿದ್ದು ರಾತ್ರಿ 11:30ಕ್ಕೆ. ಹೋಗುವವರು ಒಂದು ದಿನದ ಟೂರ್ ತಗೊಳ್ಳಬೇಡಿ. 14ನೇ ತಾರೀಕೇ ಮನಿಲಾದಿಂದ ಲುಸೇನಾಗೆ ಬಸ್ ಹಿಡಿದು, ಅಲ್ಲಿಂದ ಜೀಪ್ನಿಯಲ್ಲಿ, ಅಂದರೆ ಜನ ತುಂಬಿಕೊಂಡು ಓಡಾಡುವ ಉದ್ದನೆಯ ಜೀಪಿನಲ್ಲಿ, ಲುಕ್ಬಾನಿಗೆ ಹೋಗಿ. ರಾತ್ರಿ ಮನೆಯವರು ಏಣಿ ಹಾಕಿ ಸಿಂಗರಿಸುವುದನ್ನೂ ನೋಡಬಹುದು, ಬೆಳಿಗ್ಗೆ ಮೆರವಣಿಗೆಯೂ ಸಿಗುತ್ತದೆ. ರೂಮು ಮಾತ್ರ ತಿಂಗಳುಗಟ್ಟಲೆ ಮುಂಚೆ ಹೇಳಿಡಬೇಕು. ಮಂಡಿ ನೋವಿದ್ದರೆ ಒಂದು ಮಡಚುವ ಸ್ಟೂಲ್, ಮತ್ತೆ ಕೊಡೆ. ತಿನ್ನಲು ಕಿಪಿಂಗ್ ಬೇಕಾದರೆ ಅಂಗಡಿಯಲ್ಲಿ ಕೊಳ್ಳಿ, ಬೀದಿಯಲ್ಲಿ ತೂಗುಹಾಕಿದ್ದಕ್ಕೆ ಧೂಳು ಹತ್ತಿರುತ್ತದೆ.

ನಾನು ಹನ್ನೆರಡು ಎಲೆ ತಂದಿದ್ದೆ. ಏಳು ವ್ಯಾನಿನಲ್ಲೇ ಪುಡಿಯಾದವು. ಉಳಿದ ಐದನ್ನು ಮೊಮ್ಮಗನಿಗೆ ಕರಿದುಕೊಟ್ಟೆ. ಎಣ್ಣೆ ತುಂಬಾ ಕಾಯಬಾರದು, ಕಣ್ಣು ಮಿಟುಕಿಸುವಷ್ಟರಲ್ಲಿ ಸೀದುಹೋಗುತ್ತದೆ.