ಟೋಸ್ಟ್‌ಮಾಸ್ಟರ್ಸ್: ಚಂದಾ ಕಟ್ಟಿದರೆ ಮಾತು ಬರುತ್ತದೆಯೇ?

ಭಾಷಣ ಕಲಿಸುವ ಕಡೆಗಳಲ್ಲಿ ಟೋಸ್ಟ್‌ಮಾಸ್ಟರ್ಸ್ ಇಂಟರ್‌ನ್ಯಾಷನಲ್ ಅಗ್ಗದ್ದೇ. ಆರು ತಿಂಗಳಿಗೆ 60 ಡಾಲರ್, ಸೇರುವಾಗ ಒಂದು ಸಲ 20 ಡಾಲರ್. ನೀವು ಸೇರುವ ಸ್ಥಳೀಯ ಕ್ಲಬ್ಬಿನ ಸ್ವಂತ ಖರ್ಚಿದ್ದರೆ ಅದು ಬೇರೆ. ಆದರೆ ಇಲ್ಲಿ ಮೇಷ್ಟ್ರು ಅಂತ ಯಾರೂ ಇಲ್ಲ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರುಮಾಡಿದ ಸಂಸ್ಥೆ ಇದು. ಮಾತಾಡುವವರೂ ಸದಸ್ಯರೇ, ತಿದ್ದುವವರೂ ಸದಸ್ಯರೇ. ಮಾತಾಡಲು ಹೆಸರು ಕೊಡದೆ ಹಿಂದಿನ ಸಾಲಲ್ಲಿ ಕೂತರೆ ಕಟ್ಟಿದ ದುಡ್ಡು ದಂಡ.

ಮೊದಲ ಭಾಷಣ ‘ಐಸ್‌ಬ್ರೇಕರ್’, ನಿಮ್ಮ ಪರಿಚಯ. ಹೊತ್ತು ತಿಳಿಸಲು ದೀಪವನ್ನೋ ಕಾರ್ಡನ್ನೋ ತೋರಿಸುತ್ತಾರೆ: ನಾಲ್ಕು ನಿಮಿಷಕ್ಕೆ ಹಸಿರು, ಐದಕ್ಕೆ ಹಳದಿ, ಆರಕ್ಕೆ ಕೆಂಪು. ಚಂದಾಗೆ ಸಿಗುವ ಅಸಲಿ ಸರಕು ಈ ಮೂರು ಬಣ್ಣವೇ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಹಿಡಿದು ಗಣ್ಯರು, ಗುರುಹಿರಿಯರು, ಸಹೃದಯರಿಗೆಲ್ಲ ಕೈಮುಗಿಯುವಷ್ಟರಲ್ಲಿ ಮುಕ್ಕಾಲು ನಿಮಿಷ ಖಾಲಿ. ಹಸಿರು ಕಂಡಾಗ ವಿಷಯ ಇನ್ನೂ ಹೊಸ್ತಿಲಲ್ಲೇ ಇರುತ್ತದೆ. ಬರೆದುಕೊಳ್ಳುವಾಗಲೂ ಇಂಗ್ಲಿಷಿನ ಲೆಕ್ಕ ಬೇಡ. ಕನ್ನಡದ ಪದಗಳು ಉದ್ದ, ನಿಮಿಷಕ್ಕೆ 90ರ ಆಸುಪಾಸು ಸಾಕು. ಪೂರ್ತಿ ಬಾಯಿಪಾಠ ಮಾಡಿದವರಿಗೆ ಒಂದು ಸಾಲು ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ. ಮೊದಲ ಎರಡು ವಾಕ್ಯ, ಕೊನೆಯ ಒಂದು ಬಾಯಿಗೆ ಬಂದಿರಲಿ. ನಡುವಿನದ್ದಕ್ಕೆ ದಪ್ಪ ರಟ್ಟಿನ ಮೇಲೆ ಐದಾರು ಪದ. ತೆಳು ಹಾಳೆ ಹಿಡಿದರೆ ಕೈನಡುಕ ಇಡೀ ಸಭೆಗೆ ಕಾಣುತ್ತದೆ.

ಹೆಚ್ಚು ಬೆವರಿಳಿಸುವುದು ‘ಟೇಬಲ್ ಟಾಪಿಕ್ಸ್’, ನಮ್ಮ ಶಾಲೆಗಳ ಆಶುಭಾಷಣವೇ. ಪ್ರಶ್ನೆ ಕೇಳಿದ ಕೂಡಲೇ ಒಂದರಿಂದ ಎರಡು ನಿಮಿಷ ಮಾತು. (ತಾಳಮದ್ದಳೆಯ ಅರ್ಥಧಾರಿಗಳು ಕೇಳಿದರೆ ನಕ್ಕಾರು.) ಹೆಚ್ಚಿನವರು ಎಡವುವುದು ಪ್ರಶ್ನೆಯನ್ನೇ ತಿರುಗಿಸಿ ಹೇಳುತ್ತಾ ಹೊತ್ತು ಕಳೆಯುವುದರಲ್ಲಿ. ಎರಡು ಸೆಕೆಂಡು ಸುಮ್ಮನಿರಿ, ಉಸಿರು ನಿಧಾನ ಬಿಡಿ, ಒಂದು ಪಕ್ಷ ಹಿಡಿಯಿರಿ, ಒಂದೇ ಉದಾಹರಣೆ ಕೊಟ್ಟು ಮುಗಿಸಿ. ‘ಆ-ಕೌಂಟರ್’ ಎಂಬ ಹೊಣೆ ಹೊತ್ತ ಸದಸ್ಯರು ನಿಮ್ಮ ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ಸೋ’ಗಳನ್ನು ಎಣಿಸುತ್ತಾರೆ. ಮೊದಲ ತಿಂಗಳು ಇದು ಉಪಕಾರ. ಆಮೇಲೂ ಅದನ್ನೇ ನೆನೆಸುತ್ತಿದ್ದರೆ ಮಾತಿನ ಲಯ ಕೆಡುತ್ತದೆ.

ಕೊರತೆ ಇರುವುದು ಭಾಷಣದ ಬಗ್ಗೆ ಇನ್ನೊಬ್ಬ ಸದಸ್ಯರು ಮಾಡುವ ವಿಮರ್ಶೆಯಲ್ಲಿ. ಹೊಗಳಿಕೆ, ನಡುವೆ ಒಂದು ತಿದ್ದುಪಡಿ, ಮತ್ತೆ ಹೊಗಳಿಕೆ: ಈ ಮೂರು ನಿಮಿಷದ ಅಚ್ಚಿನಲ್ಲಿ ತಿದ್ದುಪಡಿ ಎಷ್ಟೋ ಸಲ ಕರಗಿಹೋಗುತ್ತದೆ. ಕೇಳುಗರೂ ಸಜ್ಜನರು, ಎಲ್ಲದಕ್ಕೂ ಚಪ್ಪಾಳೆ. ಕೀರಲುವ ಮೈಕು, ಹಿಂದಿನವರು ನುಂಗಿದ ಸಮಯ, ಊಟದ ಹಾಲ್ ಕಡೆ ನೋಡುವ ಜನ, ಇವುಗಳ ಅಭ್ಯಾಸ ಇಲ್ಲಿ ಆಗುವುದಿಲ್ಲ. ವರ್ಷಗಟ್ಟಲೆ ಅಲ್ಲೇ ಇದ್ದವರಲ್ಲಿ ಒಂದೇ ನಮೂನೆಯ ಕೈಬೀಸು, ಒಂದೇ ನಮೂನೆಯ ನಾಟಕೀಯ ಮೌನ ಬೆಳೆದುಬಿಡುವುದೂ ಉಂಟು.

ಅತಿಥಿಯಾಗಿ ಹೋಗುವುದಕ್ಕೆ ಶುಲ್ಕವಿಲ್ಲ, ಎರಡು ಮೂರು ಕ್ಲಬ್ ನೋಡಿಯೇ ಸೇರಿ. ಗಮನಿಸಬೇಕಾದ್ದು ವಿಮರ್ಶಕರನ್ನು. ‘ತುಂಬಾ ಚೆನ್ನಾಗಿತ್ತು’ ಎಂದು ಕೂರುತ್ತಾರೋ, ‘ಮೂರನೇ ನಿಮಿಷದಲ್ಲಿ ಸಂಖ್ಯೆ ಹೇಳುವಾಗ ನೆಲ ನೋಡಿದಿರಿ’ ಎನ್ನುತ್ತಾರೋ? ಎರಡನೆಯವರಿರುವ ಕಡೆ ದುಡ್ಡು ಕಟ್ಟಿ.