ಪೀಲ್ ಆಗಿ 11ನೇ ದಿನಕ್ಕೆ ಹುಬ್ಬು ಮಾಡಿಸಿಕೊಂಡೆ, ನೀವು ಮಾಡಿಸಿಕೊಳ್ಳಬೇಡಿ

ಮೊದಲೇ ಹೇಳಿಬಿಡುತ್ತೇನೆ. ಮುಖಕ್ಕೆ ಗ್ಲೈಕೋಲಿಕ್ ಪೀಲ್ (ಆಸಿಡ್ ಹಚ್ಚಿ ಚರ್ಮದ ಮೇಲಿನ ಪದರ ತೆಗೆಯುವುದು) ಮಾಡಿಸಿ ತಿಂಗಳು ತುಂಬುವ ಮುಂಚೆ ಹುಬ್ಬಿಗೆ ಮೈಕ್ರೋಬ್ಲೇಡಿಂಗ್ (ಚರ್ಮ ಗೀರಿ ಬಣ್ಣ ತುಂಬುವುದು) ಮಾಡಿಸಿಕೊಳ್ಳಬೇಡಿ. ಯಾರು ಏನೇ ಹೇಳಲಿ, ಬೇಡ. ನಾನು 11ನೇ ದಿನಕ್ಕೇ ಹೋಗಿ ಕೂತೆ. ಈಗ ನನ್ನ ಎಡ ಹುಬ್ಬು ಒಂದು ಥರ, ಬಲ ಹುಬ್ಬು ಇನ್ನೊಂದು ಥರ. ಇದನ್ನು ಬರೆಯೋಕೂ ನಾಚಿಕೆ. ಮನೆಯಲ್ಲಿ ಎಲ್ಲರ ಕ್ರೀಮ್ ಡಬ್ಬಿ ತಿರುಗಿಸಿ, ಹಿಂದೆ ಏನೇನು ಬರೆದಿದೆ ಅಂತ ಓದಿ ಬುದ್ಧಿ ಹೇಳುವವಳು ನಾನೇ!

ಕೆನ್ನೆ ಮೇಲಿನ ಮೊಡವೆ ಕಲೆ ಹೋಗಲಿ ಅಂತ ಪೀಲ್ ಮಾಡಿಸಲು ಪಾರ್ಲರಿಗೆ ಹೋಗಿದ್ದೆ. ಅದೇ ಜಾಗದಲ್ಲಿ ಹುಬ್ಬಿನ ಕೆಲಸವನ್ನೂ ಮಾಡುತ್ತಾರೆ. "ಎರಡೂ ಸೇರಿಸಿ ಪ್ಯಾಕೇಜ್ ತಗೊಳ್ಳಿ ಮೇಡಂ, ನಿಮಗೇ ಲಾಭ" ಎಂದರು. ಮೊದಲು ಪೀಲ್, ಆಮೇಲೆ ಹುಬ್ಬು. ದಿನಾ ಬೆಳಿಗ್ಗೆ ಪೆನ್ಸಿಲ್ ಹಿಡಿಯೋ ಕಾಟ ತಪ್ಪುತ್ತದಲ್ಲ ಅಂತ ಒಪ್ಪಿಕೊಂಡೆ.

ಮಧ್ಯೆ ಎಷ್ಟು ದಿನ ಬಿಡಬೇಕು ಅಂತ ನಾನೇ ಕೇಳಿದ್ದೆ. ಇದು ನನಗೆ ಚೆನ್ನಾಗಿ ನೆನಪಿದೆ. ಕೇಳಿದ್ದೆ.

"ಹತ್ತು ದಿನ ಸಾಕು ಮೇಡಂ. ಸಿಪ್ಪೆ ಏಳೋದು ನಿಂತ ಮೇಲೆ ಬನ್ನಿ. ಫ್ರೆಶ್ ಸ್ಕಿನ್ ಮೇಲೆ ಬಣ್ಣ ಇನ್ನೂ ಚೆನ್ನಾಗಿ ಕೂರುತ್ತೆ."

ಫ್ರೆಶ್ ಸ್ಕಿನ್ ಅಂತೆ. ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಆವತ್ತು ಮರಗಟ್ಟಿಸುವ ಕ್ರೀಮ್ ಹಚ್ಚಿದಾಗಲೇ ಚುರುಚುರು ಅಂದಿತು. ಹೇಳಿದೆ. "ಸ್ವಲ್ಪ ಹಾಗೆ ಆಗುತ್ತೆ" ಎಂದರು. ಮೈಕ್ರೋಬ್ಲೇಡಿಂಗ್‌ನಲ್ಲಿ ಸಾಲಾಗಿ ಜೋಡಿಸಿದ ಸಣ್ಣ ಸೂಜಿಗಳಿಂದ ಕೂದಲಿನಷ್ಟು ತೆಳುವಾಗಿ ಗೀರಿ, ಆ ಗೀರಿಗೆ ಬಣ್ಣ ತುಂಬುತ್ತಾರೆ. ಸರಿಯಾಗಿ ಮಾಡಿದರೆ ರಕ್ತ ಬಂದರೂ ಅಲ್ಲೊಂದು ಇಲ್ಲೊಂದು ಚುಕ್ಕಿ ಅಷ್ಟೇ. ನನಗೆ ಎಡ ಹುಬ್ಬು ಶುರು ಮಾಡಿದ ಐದೇ ನಿಮಿಷಕ್ಕೆ ಗೀರಿನುದ್ದಕ್ಕೂ ಕೆಂಪು ಮಣಿ ಪೋಣಿಸಿದ ಹಾಗೆ ಜಿನುಗಿತು. ಒರೆಸುತ್ತಾರೆ, ಬಣ್ಣ ಹಾಕುತ್ತಾರೆ, ಮತ್ತೆ ಜಿನುಗುತ್ತದೆ, ಮತ್ತೆ ಒರೆಸುತ್ತಾರೆ. ಪಕ್ಕದ ಟ್ರೇಯಲ್ಲಿ ಕಂದು ಕೆಂಪು ಹತ್ತಿ ಉಂಡೆಗಳ ರಾಶಿ. ಹಾಕಿದ ಬಣ್ಣ ಹುಬ್ಬಿಗಿಂತ ಹತ್ತಿಗೇ ಜಾಸ್ತಿ ಹೋಯಿತು. "ನಿಮಗೆ ಬ್ಲೀಡಿಂಗ್ ಸ್ವಲ್ಪ ಜಾಸ್ತಿ ಮೇಡಂ." ಯಾಕೆ ಜಾಸ್ತಿ ಅಂತ ಅವರೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ಹಾಸಿಗೆ ಮೇಲೆ ಮಲಗಿಸಿದ ಮೇಲೆ ಬಾಯಿ ಬರಲ್ಲ ನೋಡಿ.

ಮೊದಲ ಮೂರು ದಿನ ಕಡು ಕಪ್ಪು. ಅದು ಎಲ್ಲರಿಗೂ ಆಗುತ್ತದೆ. ಆಮೇಲೆ ಸಣ್ಣ ಹಕ್ಕಳೆ ಕಟ್ಟಿ ಪುಡಿಪುಡಿಯಾಗಿ ಉದುರಬೇಕು. ನನಗೆ ದಪ್ಪ ಹಕ್ಕಳೆ ಕಟ್ಟಿ ಐದನೇ ದಿನ ಒಂದೇ ತುಂಡಾಗಿ ಎದ್ದು ಬಂತು. ದಿಂಬಿನ ಮೇಲೆ ಬಿದ್ದಿತ್ತು. ಎತ್ತಿ ಬೆಳಕಿಗೆ ಹಿಡಿದರೆ, ಹುಬ್ಬಿನಲ್ಲಿ ಇರಬೇಕಾದ ಗೀರುಗಳೆಲ್ಲ ಸಾಲಾಗಿ ಅದರಲ್ಲೇ ಇವೆ!

ಫೋಟೋ ಕಳಿಸಿದೆ. "ಕಾಯಿರಿ ಮೇಡಂ, ಬಣ್ಣ ವಾಪಸ್ ಮೇಲೆ ಬರುತ್ತೆ." ಇದು ಪೂರ್ತಿ ಸುಳ್ಳೂ ಅಲ್ಲ. ಹಕ್ಕಳೆ ಉದುರಿದ ಮೇಲೆ ಬಣ್ಣ ಮಂಕಾಗಿ, ನಾಲ್ಕು ವಾರದ ಹೊತ್ತಿಗೆ ಮತ್ತೆ ಸ್ವಲ್ಪ ಕಾಣಿಸಿಕೊಳ್ಳುವುದು ಹೌದು. ಅದಕ್ಕೇ ನಂಬಿ ಕೂತೆ. ನಾಲ್ಕು ವಾರ ಕಾದೆ. ಎಡಗಡೆ ಬೂದಿ ಬಣ್ಣದ ಮಬ್ಬು ಪಟ್ಟಿ, ಬಲಗಡೆ ಅಲ್ಲಲ್ಲಿ ನಾಲ್ಕು ಗೀರು.

ಇನ್ನೊಂದು ಮಾತು, ಇದನ್ನು ಹೇಳಿದರೆ ನೀವು ನಗುತ್ತೀರಿ. ಪ್ಯಾಕೇಜ್ ಜೊತೆ ಫ್ರೀ ಅಂತ ಒಂದು ಟೋನರ್ ಕೊಟ್ಟಿದ್ದರು. "ಎರಡನೇ ವಾರದಿಂದ ಮುಖಕ್ಕೆಲ್ಲ ಹಚ್ಚಿ, ಗ್ಲೋ ಬರುತ್ತೆ." ಬಾಟಲಿ ಮೇಲೆ ದಪ್ಪಕ್ಷರದಲ್ಲಿ ಗ್ಲೈಕೋಲಿಕ್ ಆಸಿಡ್ 7% ಅಂತ ಬರೆದಿದೆ. ಪೀಲ್‌ಗೆ ಹಚ್ಚಿದ್ದೂ ಇದೇ ಆಸಿಡ್. ಡಬ್ಬಿ ಓದುವ ನಾನು ಅದನ್ನೂ ಓದಿದ್ದೆ. ಓದಿ, ಹಣೆಯಿಂದ ಗದ್ದದವರೆಗೆ, ಮಾಯುತ್ತಿರುವ ಹುಬ್ಬಿನ ಮೇಲೂ, ರಾತ್ರಿ ರಾತ್ರಿ ಹಚ್ಚಿಕೊಂಡೆ. ಅಳಿದುಳಿದ ಬಣ್ಣವನ್ನು ನಾನೇ ಕೈಯಾರೆ ತೆಗೆದ ಹಾಗಾಯಿತು.

ಆರನೇ ವಾರ, ಬಣ್ಣ ಬಿಟ್ಟ ಕಡೆ ಮತ್ತೆ ತುಂಬಿಸುವ ಟಚಪ್‌ಗೆ ಹೋದೆ. ಅಲ್ಲಿ ಆಗಿದ್ದನ್ನು ಹೇಳಬೇಕು ಅಂತಲೇ ಇಷ್ಟೆಲ್ಲ ಬರೆಯುತ್ತಿರುವುದು. ಹುಬ್ಬು ನೋಡಿ ಆ ಹುಡುಗಿ ಕೇಳಿದ್ದು, "ಮೇಡಂ, ನೀವೇನಾದ್ರೂ ಪೀಲ್ ಮಾಡಿಸಿದ್ರಾ?"

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. "ಇಲ್ಲೇ ಮಾಡಿಸಿದ್ದಲ್ವಾ? ನೀವೇ ಮಾಡಿದ್ದಲ್ವಾ?"

"ಅದು ಸ್ಕಿನ್ ಸೆಕ್ಷನ್ ಮೇಡಂ. ನಮ್ಮದು ಬ್ರೋ ಸೆಕ್ಷನ್. ನಮಗೆ ಗೊತ್ತಾಗಲ್ಲ."

ಎರಡೂ ಸೆಕ್ಷನ್ ನಡುವೆ ಇರುವುದು ಒಂದು ಪರದೆ. ಬಟ್ಟೆ ಪರದೆ!

ಆಮೇಲೆ ನನ್ನ ಫಾರ್ಮ್ ತಂದು ಮುಂದೆ ಇಟ್ಟರು. ಏಳನೇ ಸಾಲು: ಕಳೆದ 4 ವಾರಗಳಲ್ಲಿ ಕೆಮಿಕಲ್ ಪೀಲ್ ಮಾಡಿಸಿಲ್ಲ. ಪಕ್ಕದಲ್ಲಿ ಟಿಕ್. ಕೆಳಗೆ ನನ್ನ ಸಹಿ. ಸಹಿ ಕಪ್ಪು ಪೆನ್ನಿನದ್ದು, ಟಿಕ್‌ಗಳೆಲ್ಲ ನೀಲಿ. ಟಿಕ್ ಎಲ್ಲ ಅವರೇ ಮೊದಲೇ ಹಾಕಿ ಇಟ್ಟುಕೊಂಡು "ಇಲ್ಲೊಂದು ಸೈನ್ ಮಾಡಿ" ಎಂದಿದ್ದರು. ನಾನು ಓದದೆ ಹಾಕಿದೆ. ಅಂದರೆ ನಾಲ್ಕು ವಾರ ಬಿಡಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಅವರ ಕಾಗದದಲ್ಲೇ ಅಚ್ಚಾಗಿತ್ತು. ಗೊತ್ತಿದ್ದೂ ಹತ್ತು ದಿನ ಸಾಕು ಎಂದರು.

ಆಮೇಲಿನ ಉತ್ತರಗಳು ಕೇಳಿ. "ನಿಮ್ಮದು ಆಯಿಲಿ ಸ್ಕಿನ್ ಮೇಡಂ." ಎಣ್ಣೆ ಚರ್ಮದಲ್ಲಿ ಗೀರು ಬೇಗ ಹರಡುವುದು ನಿಜ, ಆದರೆ ನನ್ನ ಚರ್ಮ ಆವತ್ತೇ ಹೊಸದಾಗಿ ಎಣ್ಣೆಯಾಯಿತಾ? "ನೀವು ನೀರು ತಾಗಿಸಿರಬೇಕು." ತಾಗಿಸಿಲ್ಲ. "ಟಚಪ್ ಮಾಡಿ ಸರಿ ಮಾಡೋಣ, ಆದರೆ ಅದು ಪ್ಯಾಕೇಜ್‌ನಲ್ಲಿ ಇಲ್ಲ." ಮನೆಗೆ ಬಂದು ಉದ್ದ ಮೆಸೇಜ್ ಹಾಕಿದೆ. ಉತ್ತರಕ್ಕೆ ಬಂದದ್ದು ಕೈ ಮುಗಿಯುವ ಒಂದು ಇಮೋಜಿ.

ಚರ್ಮದ ಡಾಕ್ಟರ್ ಹತ್ತಿರ ಹೋದಾಗಲೇ ವಿಷಯ ಅರ್ಥವಾಗಿದ್ದು. ಪೀಲ್ ಅಂದರೆ ಮೇಲಿನ ಪದರ ತೆಗೆಯುವುದು. ಅದು ಮತ್ತೆ ಹೊಸದಾಗಿ ತುಂಬಿಕೊಳ್ಳಲು ಸುಮಾರು 28 ದಿನ ಬೇಕು, ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಸಿಪ್ಪೆ ನಿಂತಿತು ಅಂದರೆ ಚರ್ಮ ಗಟ್ಟಿಯಾಯಿತು ಅಂತಲ್ಲ. ಆ ಹಸಿ ಚರ್ಮಕ್ಕೆ ಗೀರಿದರೆ ರಕ್ತ ಬಣ್ಣವನ್ನು ಹೊರಗೆ ತಳ್ಳುತ್ತದೆ. ಸೂಜಿ ಆಳಕ್ಕೆ ಇಳಿದ ಕಡೆ ಬಣ್ಣ ಬೂದಿಯಾಗಿ ಕಾಣುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಗಾಯದ ಕಪ್ಪು ಕಲೆ ಉಳಿಯುವ ಭಯ ಬೇರೆ. ಲೇಸರ್‌ನಲ್ಲಿ ತೆಗೆಸಿಬಿಡಲಾ ಅಂದರೆ, ಅವಸರ ಬೇಡ ಎಂದರು. ಹುಬ್ಬಿನ ಕೆಲವು ಬಣ್ಣಗಳಲ್ಲಿ ಐರನ್ ಆಕ್ಸೈಡ್ ಇರುತ್ತದಂತೆ, ಲೇಸರ್ ಬಿದ್ದರೆ ಅದು ಹೋಗುವ ಬದಲು ಇನ್ನೂ ಕಪ್ಪಾಗಬಹುದು.

ಹಾಗಾಗಿ, ಪೀಲ್ ಆದ ಮೇಲೆ ಕಡಿಮೆ ಅಂದರೂ ಒಂದು ತಿಂಗಳು ಬಿಡಿ. ಹುಬ್ಬು ಆದ ಮೇಲೆ ಪೂರ್ತಿ ಮಾಯುವವರೆಗೆ, ಅಂದರೆ ಇನ್ನೂ ಒಂದು ತಿಂಗಳಾದರೂ, ಪೀಲ್ ಬೇಡ. ಟಚಪ್ ಇದ್ದರೆ ಅದೂ ಮುಗಿದು ಮಾಯಲಿ. ರೆಟಿನಾಲ್ (ಚರ್ಮದ ಹಳೆ ಪದರ ಬೇಗ ಉದುರಿಸುವ ಕ್ರೀಮ್) ಹಚ್ಚುತ್ತಿದ್ದರೆ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಬಾಯಿಬಿಟ್ಟು ಹೇಳಿ, ಅವರು ಕೇಳುವವರೆಗೆ ಕಾಯಬೇಡಿ. ಮಾತ್ರೆ ವಿಷಯ ಡಾಕ್ಟರನ್ನೇ ಕೇಳಿ, ಪಾರ್ಲರಿನವರನ್ನಲ್ಲ. ಮುಂದೆಯೂ ಆಸಿಡ್ ಇರುವ ಟೋನರ್, ಸೀರಮ್ ಹುಬ್ಬಿನ ಹತ್ತಿರ ತರಬೇಡಿ. ಪೀಲ್ ಮಾಡುವಾಗ ಹುಬ್ಬಿನ ಮೇಲೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ ಅಂತ ಹೇಳಿ.

ಫಾರ್ಮ್‌ನಲ್ಲಿ ಟಿಕ್ ನೀವೇ ಹಾಕಿ, ನಿಮ್ಮ ಪೆನ್ನಲ್ಲೇ ಹಾಕಿ. ಅಲ್ಲೇ ನಿಂತು ಫೋಟೋ ತೆಗೆದುಕೊಳ್ಳಿ. ನನ್ನ ಫಾರ್ಮಿನ ಫೋಟೋ ಕಳಿಸಿ ಅಂತ ಅವರನ್ನು ಮೂರು ಸಲ ಕೇಳಿದ್ದೇನೆ. "ಸಿಸ್ಟಮ್‌ನಲ್ಲಿ ಹುಡುಕ್ತಾ ಇದ್ದೀವಿ ಮೇಡಂ" ಅಂತೆ. ಕಾಗದದ ಫಾರ್ಮ್ ಅದು.