ಎ.ಎ. ಸಭೆಯೋ, ಮದ್ಯವರ್ಜನ ಶಿಬಿರವೋ: ಬೆಳಗಾವಿ ಕಡೆಯವರಿಗೆ ಒಂದು ಹೋಲಿಕೆ

ಕುಡಿತ ಬಿಡಲೇಬೇಕೆಂದು ಮನಸ್ಸು ಗಟ್ಟಿ ಮಾಡಿದವರಿಗೆ ನಮ್ಮ ಕಡೆ ಮುಖ್ಯವಾಗಿ ಎರಡು ಆಸರೆ. ಒಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಬೇಕೆನ್ನುವವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಎ.ಎ. ಸಭೆ. ಇನ್ನೊಂದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮತ್ತು ಅದರ ಬೆನ್ನಿಗೆ ನಡೆಯುವ, ಶಿಬಿರ ಮುಗಿಸಿದವರ ನವಜೀವನ ಸಮಿತಿ. ಎರಡರಲ್ಲೂ ಕೂತೆದ್ದು ಬಂದವರ ಅಭಿಪ್ರಾಯ ಇಷ್ಟು: ಹೆಸರು ನೋಡಿ ಆರಿಸಬೇಡಿ, ಹೊತ್ತು ನೋಡಿ ಆರಿಸಿ. ಸಂಜೆ ಏಳಾದರೆ ಕಾಲು ತಾನಾಗಿ ವೈನ್‌ಶಾಪಿನ ಕಡೆ ಹೊರಳುವವರಿಗೆ ಬೇಕಾದದ್ದು ಆ ಏಳು ಗಂಟೆಯ ಸಭೆ.

ಎರಡಕ್ಕೂ ಮೊದಲು ದವಾಖಾನೆ. ಬೆಳಿಗ್ಗೆ ಕುಡಿಯದಿದ್ದರೆ ಬಸಿಯಲ್ಲಿನ ಚಹಾ ತುಳುಕುವಷ್ಟು ಕೈ ನಡುಗುವವರು ಒಮ್ಮೆಲೇ ಬಿಡುವುದು ಅಪಾಯ. ಕೊನೆಯ ಸಲ ಕುಡಿದ 6ರಿಂದ 48 ತಾಸಿನೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ್ದು ಕಾಣಿಸಿ, ಬಡಬಡಿಸಿ, ಮೈ ಬೆವರಿ ಜ್ವರ ಏರಿದರೆ ಜೀವಕ್ಕೇ ಕುತ್ತು. ಡಾಕ್ಟರು ಥಯಾಮಿನ್ (ವಿಟಮಿನ್ ಬಿ1) ಮತ್ತು ಕೆಲವು ದಿನದ ಗುಳಿಗೆ ಕೊಟ್ಟು ಈ ಗಂಡಾಂತರ ದಾಟಿಸುತ್ತಾರೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ತಾಲೂಕಿನವರಾದರೆ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆಯೇ ಎಂದು ತಾಲೂಕು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಎ.ಎ. ವಿಚಾರ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರಿಂದ ಶುರುವಾದದ್ದು. ಶುಲ್ಕವಿಲ್ಲ, ಅರ್ಜಿಯಿಲ್ಲ, ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಸಭೆ ಹುಡುಕುವಾಗಲೇ ಬಹಳ ಜನ ಸೋಲುತ್ತಾರೆ. ಗೋಡೆಗೆ ಅಂಟಿಸಿದ ಹಳೇ ಚೀಟಿಯ ನಂಬರಿಗೆ ಹಚ್ಚುತ್ತಾರೆ, ರಿಂಗ್ ಆಗುವುದಿಲ್ಲ, ಅಲ್ಲಿಗೇ ಕೈಬಿಡುತ್ತಾರೆ. ಎ.ಎ. ಭಾರತದ ಜಾಲತಾಣದಲ್ಲಿರುವ ಸಹಾಯವಾಣಿಗೆ ಹಚ್ಚಿ. ಯಾವ ವಾರ, ಎಷ್ಟು ಗಂಟೆಗೆ ಎನ್ನುವುದರ ಜೊತೆಗೆ ಭಾಷೆ ಯಾವುದೆಂದೂ ಕೇಳಿ. ಬೆಳಗಾವಿಯಂಥ ಊರಲ್ಲಿ ಮಾತು ಮರಾಠಿ, ಹಿಂದಿಗೆ ಹೊರಳುವುದು ಸಹಜ. ಕನ್ನಡವೊಂದೇ ಬಲ್ಲವರು ಮೊದಲೇ ತಿಳಿದಿದ್ದರೆ ಗಾಬರಿಯಿಲ್ಲ. ಓಪನ್ ಮೀಟಿಂಗೋ, ಕ್ಲೋಸ್ಡ್ ಮೀಟಿಂಗೋ ಎಂದೂ ಕೇಳಲೇಬೇಕು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗಷ್ಟೇ. ಇದು ಗೊತ್ತಿಲ್ಲದೆ ಹೆಂಡತಿ, ಅಣ್ಣ, ಮಾವ ಎಲ್ಲರನ್ನೂ ಕಟ್ಟಿಕೊಂಡು ಬಂದು ಬಾಗಿಲಲ್ಲೇ ಮುಜುಗರಪಡುವವರಿದ್ದಾರೆ.

ಹತ್ತು ನಿಮಿಷ ಮೊದಲೇ ಹೋಗಿ. ಸಭೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ತಾಸು. ಒಬ್ಬರು ನಡೆಸಿಕೊಡುತ್ತಾರೆ, ಕುಡಿತದಿಂದ ಹೊರಬರಲು ಎ.ಎ. ಹೇಳುವ 12 ಹೆಜ್ಜೆಗಳಲ್ಲಿ ಯಾವುದನ್ನಾದರೂ ಓದುತ್ತಾರೆ, ಆಮೇಲೆ ಒಬ್ಬೊಬ್ಬರು ತಮ್ಮ ಪಾಡು ಹೇಳುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿವಾದವೂ ಇಲ್ಲ. ನಿಮ್ಮ ಪಾಳಿ ಬಂದಾಗ ಬರೀ ಹೆಸರು ಹೇಳಿ ‘ಇವತ್ತು ಕೇಳ್ತೀನ್ರಿ’ ಅಂದರೂ ನಡೆಯುತ್ತದೆ. ಖರ್ಚಿಗೆಂದು ಡಬ್ಬಿ ತಿರುಗುತ್ತದೆ. ಹೊಸಬರು ಹಾಕದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಕೈ ನಡುಗುವವರು ಚಹಾ ಅರ್ಧ ಕಪ್ಪೇ ಕೇಳಿ, ಆ ನಡುಕವನ್ನು ಅಲ್ಲಿರುವವರೆಲ್ಲ ಬಲ್ಲರು. ಸಭೆ ಮುಗಿದ ಕೂಡಲೇ ಚಪ್ಪಲಿ ಮೆಟ್ಟಿ ಓಡುವುದು ದೊಡ್ಡ ತಪ್ಪು. ಆ ಐದು ನಿಮಿಷದಲ್ಲೇ ಇಬ್ಬರ ಫೋನ್ ನಂಬರ್ ಸಿಗುವುದು, ನಾಳೆ ಸಂಜೆ ಬಾಯಿ ಒಣಗಿದಾಗ ಹಚ್ಚಬೇಕಾದ ನಂಬರ್ ಅವು.

ಶಿಬಿರದ ರೀತಿಯೇ ಬೇರೆ. ಊರಿನ ಕಲ್ಯಾಣಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಅಲ್ಲೇ ಉಳಿಯಬೇಕು. ಯೋಗ, ಭಜನೆ, ಗುಂಪು ಸಲಹೆ, ಮನೆಯವರನ್ನು ಕರೆಸಿ ಕೂಡಿಸಿ ಮಾತಾಡುವುದು, ಎಲ್ಲವೂ ಇರುತ್ತದೆ. ಎ.ಎ.ಯಲ್ಲಿ ಕುಟುಂಬಕ್ಕೆ ಅಷ್ಟು ಜಾಗವಿಲ್ಲ. ಅವರಿಗಾಗಿ ಬೇರೆಯದೇ ಆದ ಅಲ್-ಅನಾನ್ ಇದೆ, ಅದು ಎಲ್ಲ ಊರಲ್ಲೂ ಸಿಗದು. ಹಳ್ಳಿಯವರಿಗೆ, ಅದರಲ್ಲೂ ಕುಡಿಯುವ ಗೆಳೆಯರ ನಡುವಿನಿಂದ ಎದ್ದು ಬರಲಾಗದವರಿಗೆ, ಶಿಬಿರವೇ ಮೇಲು. ಆದರೆ ಬೇಕೆಂದ ದಿನ ಸಿಗುವುದಿಲ್ಲ. ಮುಂದಿನದು ಯಾವಾಗ, ಎಲ್ಲಿ ಎಂದು ಯೋಜನೆಯ ತಾಲೂಕು ಕಚೇರಿಯಲ್ಲೋ ಊರಿನ ಸೇವಾಪ್ರತಿನಿಧಿಯ ಬಳಿಯೋ ವಿಚಾರಿಸಬೇಕು. ಗುಟ್ಟೂ ಉಳಿಯುವುದಿಲ್ಲ, ಊರಿಗೆಲ್ಲ ಗೊತ್ತಾಗುತ್ತದೆ. ಕೆಲವರಿಗೆ ಅದೇ ಬಲ, ನೌಕರಿಯಲ್ಲಿರುವ ಕೆಲವರಿಗೆ ಅದೇ ಅಡ್ಡಿ. ಭಜನೆ, ಪೂಜೆ ಒಗ್ಗದವರಿಗೆ ಎ.ಎ. ಸಲೀಸು. ಅಲ್ಲೂ ದೇವರ ಮಾತು ಬರುತ್ತದೆ, ಆದರೆ ಯಾವ ದೇವರೆಂದು ಯಾರೂ ಕೇಳುವುದಿಲ್ಲ.

ಶಿಬಿರ ಮುಗಿಸಿದವರು ಎಡವುವುದು ಊರಿಗೆ ಮರಳಿದ ಮೇಲೆ ಬರುವ ಮೊದಲ ಪಗಾರದ ದಿನ. ನವಜೀವನ ಸಮಿತಿಯ ಸಭೆ ತಪ್ಪಿಸಿದವರ ಎಂಟು ದಿನದ ಶ್ರಮ ಅಲ್ಲಿಗೇ ಕೊಚ್ಚಿಹೋಗುತ್ತದೆ. ಸಮಿತಿ ಸಭೆ ನಿಮ್ಮೂರಲ್ಲಿ ಅಪರೂಪವಾದರೆ ನಡುವಿನ ದಿನಗಳಿಗೆ ಎ.ಎ. ಹಿಡಿಯಿರಿ, ಎರಡನ್ನೂ ಜೊತೆಗೆ ನಡೆಸಲು ಯಾರ ಅಡ್ಡಿಯೂ ಇಲ್ಲ.

ಬಾದಾಮಿ, ಇಂಡಿ ಕಡೆಯ ಹಳ್ಳಿಯಿಂದ ರಾತ್ರಿ ಸಭೆ ಮುಗಿಸಿ ಮರಳಲು ಬಸ್ಸಿಲ್ಲವೆಂದರೆ ಫೋನಿನ ಆನ್‌ಲೈನ್ ಎ.ಎ. ಸಭೆ ಇದೆ. ಇಯರ್‌ಫೋನ್ ಹಾಕಿಕೊಳ್ಳಿ, ಬೇರೆಯವರ ಮಾತು ಮನೆಮಂದಿಯ ಕಿವಿಗೆ ಬೀಳಬಾರದು. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ, ಆದರೆ ಎದುರು ಕೂತ ಮನುಷ್ಯನ ಜಾಗ ಅದು ತುಂಬದು. ತಿಂಗಳಿಗೊಮ್ಮೆಯಾದರೂ ಜಿಲ್ಲಾ ಊರಿನ ಸಭೆಗೆ ಹೋಗಿ.

ಒಂದೇ ಸಭೆಗೆ ಹೋಗಿ ‘ನಮಗಲ್ಲ ಬಿಡ್ರಿ’ ಅನ್ನಬೇಡಿ. ಅದೇ ಗುಂಪಿಗೆ ಮೂರು ನಾಲ್ಕು ಸಲ ಹೋಗಿ, ಒಗ್ಗದಿದ್ದರೆ ಬೇರೆ ಗುಂಪು ನೋಡಿ. ನಡುವೆ ಜಾರಿ ಕುಡಿದರೆ ನಾಚಿಕೆಯಿಂದ ತಿಂಗಳುಗಟ್ಟಲೆ ಮರೆಯಾಗಬೇಡಿ. ಮರುದಿನವೇ ಆ ಎರಡು ನಂಬರಿನಲ್ಲಿ ಒಂದಕ್ಕೆ ಹಚ್ಚಿ, ಮುಂದಿನ ಸಭೆ ಎಷ್ಟು ಗಂಟೆಗೆ ಎಂದು ಕೇಳಿ.